ಇದೆ ಎಂದು ಬರೆಯುವ ಮೊದಲು

ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸುವುದು ನಮ್ಮ ಹೆಣ್ಣು ಮಕ್ಕಳಿಗೆ ಹೊಸತಲ್ಲ. ಹೊಲಿಗೆ ಯಂತ್ರ, ಉಪ್ಪಿನಕಾಯಿ ಭರಣಿ, ರಮಝಾನ್ ಬಂತೆಂದರೆ ಸಮೋಸಾದ ಪಟ್ಟಿ, ಇವೆಲ್ಲ ಎಷ್ಟೋ ಮನೆಗಳ ಫೀಸು ಕಟ್ಟಿವೆ, ಬಾಡಿಗೆ ತೀರಿಸಿವೆ. ಹೊಸತೇನೆಂದರೆ ಗಿರಾಕಿ ಈಗ ಬಾಗಿಲಿಗೆ ಬರುವುದಿಲ್ಲ, ಮೊಬೈಲಿಗೆ ಬರುತ್ತಾಳೆ. ಮಳವಳ್ಳಿಯ ಮನೆಯಲ್ಲಿ ಕಸೂತಿ ಹಾಕಿದ ದುಪಟ್ಟಾವನ್ನು ಬೆಂಗಳೂರಿನವರೂ ಕೇಳುತ್ತಾರೆ, ದುಬೈಯಲ್ಲಿರುವ ಸಂಬಂಧಿಕರೂ ಕೇಳುತ್ತಾರೆ. ಫೋಟೋ ಹಾಕಿದ ಅರ್ಧ ಗಂಟೆಯಲ್ಲಿ ಹಣ ಬಂದು ಬೀಳುತ್ತದೆ. ಹೀಗೆ ಮೊದಲೇ ಬಂದು ಬೀಳುವ ಹಣದ ಬಗ್ಗೆಯೇ ಈ ತಿಂಗಳು ಸ್ವಲ್ಪ ಮಾತಾಡಬೇಕೆನಿಸಿತು.

ಸಾಮಾನ್ಯ ಅಂಗಡಿಯಲ್ಲಿ ಕಪಾಟು ಖಾಲಿಯಾದರೆ ಗಿರಾಕಿಗೆ ಕಣ್ಣಾರೆ ಕಾಣುತ್ತದೆ. ಆನ್‌ಲೈನ್ ಅಂಗಡಿಯಲ್ಲಿ ಅವಳಿಗೆ ಕಾಣುವುದು ನಾವು ಬರೆದ ‘ಇದೆ’ ಎಂಬ ಎರಡಕ್ಷರ ಮಾತ್ರ. ಅದನ್ನು ನಂಬಿ ಅವಳು ಹಣ ಕಳಿಸುತ್ತಾಳೆ. ಹಣ ಕಳಿಸಿದ ಮೇಲೆ ‘ಮುಗಿದು ಹೋಯಿತು ಆಪಾ, ವಾಪಸ್ ಹಾಕುತ್ತೇನೆ’ ಎಂಬ ಉತ್ತರ ಬಂದರೆ, ಹಣ ಮರಳಿದರೂ ಆ ಗಿರಾಕಿ ಮರಳುವುದು ಕಷ್ಟ.

ಮಂಡ್ಯ ಜಿಲ್ಲೆಯವರಿಗೆ ಈ ಮಾತನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಮದ್ದೂರು ವಡೆಯ ಕಥೆಯನ್ನು ಕೇಳದವರು ಕಡಿಮೆ. 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದರಂತೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿತು, ಪಕೋಡ ಕರಿಯಲು ಸಮಯವಿಲ್ಲದೆ ಹಿಟ್ಟನ್ನು ಕೈಯಲ್ಲೇ ತಟ್ಟಿ ಎಣ್ಣೆಗೆ ಬಿಟ್ಟರು, ಅದೇ ವಡೆಯಾಯಿತು ಎಂದು ಜನ ಹೇಳುತ್ತಾರೆ. ಆ ಕಥೆ ಹೇಗೇ ಇರಲಿ, ಅದರೊಳಗಿನ ವ್ಯಾಪಾರದ ಲೆಕ್ಕ ಗಟ್ಟಿಯಾದುದು. ರೈಲು ನಿಲ್ಲುವುದು ಕೆಲವೇ ನಿಮಿಷ. ಕಡಿಮೆ ಕರಿದರೆ ಗಿರಾಕಿ ಹಸಿದುಕೊಂಡೇ ಮುಂದಿನ ಊರಿಗೆ ಹೋಗುತ್ತಾನೆ. ಹೆಚ್ಚು ಕರಿದರೆ ಉಳಿಯುತ್ತದೆ, ಈರುಳ್ಳಿ ಸೇರಿದ ತಿಂಡಿಯನ್ನು ಬಹುದಿನ ಇಡಲಾಗದು. ಆದರೂ ಬುಟ್ಟಿ ಹೊತ್ತು ಮಾರುವವನಿಗೆ ಒಂದು ಅನುಕೂಲವಿತ್ತು. ಬುಟ್ಟಿ ಖಾಲಿಯಾದರೆ ಮಾತು ಮುಗಿಯಿತು, ಇಲ್ಲದ ವಡೆಗೆ ಯಾರೂ ಕಿಟಕಿಯಿಂದ ಹಣ ಚಾಚುವುದಿಲ್ಲ. ನಮ್ಮ ಮೊಬೈಲ್ ಅಂಗಡಿಗೆ ಆ ಬುಟ್ಟಿ ಇಲ್ಲ. ಅದನ್ನು ನಾವೇ ಹೆಣೆದುಕೊಳ್ಳಬೇಕು.

ಬುಟ್ಟಿಯ ವ್ಯಾಪಾರವೂ ಮೊದಲಿನಂತಿಲ್ಲ ಎಂಬುದು ಬೇರೆ ಮಾತು. 2023ರ ಮಾರ್ಚ್ 12ರಂದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ 118 ಕಿ.ಮೀ. ಉದ್ದವಿದ್ದು, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳ ಹೊರಗಿನಿಂದ ಹಾದು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿದು, ಹೋಗುವಾಗ ಒಂದು ಪೊಟ್ಟಣ ಕಟ್ಟಿಸಿಕೊಳ್ಳುತ್ತಿದ್ದವರು ಈಗ ಮೇಲಿನಿಂದಲೇ ಹೊರಟು ಹೋಗುತ್ತಾರೆ. ದಾರಿಬದಿಯ ಗಿರಾಕಿ ಕೈತಪ್ಪಿದ ಊರಿನಲ್ಲಿ ಸಣ್ಣ ವ್ಯಾಪಾರಿಗೆ ಫೋನಿನ ಗಿರಾಕಿ ಮೊದಲಿಗಿಂತ ಹೆಚ್ಚು ಮುಖ್ಯ. ಹೀಗಿರುವಾಗ ‘ಇದೆ’ ಎಂದು ಬರೆಯುವುದರಲ್ಲಿ ಅಸಡ್ಡೆ ಮಾಡಲಾದೀತೇ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಸಹೋದರಿ ಈದ್‌ಗೆಂದು 24 ದುಪಟ್ಟಾ ಸಿದ್ಧ ಮಾಡಿದ್ದಾಳೆ. ರಾತ್ರಿ ವಾಟ್ಸಾಪ್ ಸ್ಟೇಟಸ್ ಹಾಕಿದಳು, ಇನ್‌ಸ್ಟಾಗ್ರಾಮ್‌ನಲ್ಲಿಯೂ ಅದೇ ಫೋಟೋ ಹಾಕಿದಳು. ನಾದಿನಿ ‘ಮಂಡ್ಯದಲ್ಲಿ ನನ್ನ ಪರಿಚಯದವರಿಗೆ ತೋರಿಸುತ್ತೇನೆ’ ಎಂದು 6 ಕೊಂಡೊಯ್ದಳು. ಬೆಳಗ್ಗೆ ಎದ್ದು ನೋಡಿದರೆ ವಾಟ್ಸಾಪ್‌ನಲ್ಲಿ 11, ಇನ್‌ಸ್ಟಾಗ್ರಾಮ್‌ನಲ್ಲಿ 9 ಬೇಡಿಕೆ ಬಂದಿವೆ. ನಾದಿನಿಯ ಕೈಯಲ್ಲಿರುವ ಆರೂ ಮಾರಾಟವಾಗಿವೆ. ಒಟ್ಟು 26. ಇರುವುದು 24, ಅದರಲ್ಲಿ ಎರಡಕ್ಕೆ ನೂಲು ಎದ್ದಿದೆ, ಕೊಡುವಂತಿಲ್ಲ. ನಾಲ್ವರಿಗೆ ಇಲ್ಲ ಎನ್ನಬೇಕು. ಆ ನಾಲ್ವರು ಯಾರು? ಮೊದಲು ಕೇಳಿದವರಿಗೋ ಮೊದಲು ಹಣ ಹಾಕಿದವರಿಗೋ? ‘ನನಗೊಂದು ಎತ್ತಿಡಿ’ ಎಂದು ಬಾಯಿಮಾತಿನಲ್ಲಿ ಹೇಳಿದ ಪಕ್ಕದ ಮನೆಯವರ ಗತಿ ಏನು? ಜಗಳವೆಲ್ಲ ಹುಟ್ಟುವುದು ಇಲ್ಲಿಯೇ. ಮೂರು ಬಾಗಿಲು ತೆರೆದಿಟ್ಟು, ಮೂರರಲ್ಲಿಯೂ ಅದೇ 24ನ್ನು ತೋರಿಸಿದ್ದು ಇದಕ್ಕೆ ಕಾರಣ.

ಪರಿಹಾರ ಒಂದು ನೋಟ್ ಪುಸ್ತಕದಷ್ಟು ಸರಳ. ಪುಟದಲ್ಲಿ ನಾಲ್ಕು ಗೆರೆ ಎಳೆದುಕೊಳ್ಳಿ. ಕೈಯಲ್ಲಿರುವುದು 24. ಕೆಟ್ಟದ್ದು 2. ಹಣ ಬಂದಿದೆ, ಇನ್ನೂ ಕಳಿಸಬೇಕು ಎಂಬುವು 9. ಮಾತಿನ ಮೇಲೆ ಎತ್ತಿಟ್ಟದ್ದು 4. ಇವೆಲ್ಲ ಕಳೆದರೆ ಉಳಿಯುವುದು 9. ಆದರೆ 9 ಎಂದು ತೋರಿಸಬೇಡಿ. ಎರಡನ್ನು ಬದಲಿಗೆಂದು ಮರೆಯಲ್ಲಿಡಿ. ಪಾರ್ಸೆಲಿನಲ್ಲಿ ಕಲೆಯಾಗಬಹುದು, ಒಂದು ತಪ್ಪು ವಿಳಾಸಕ್ಕೆ ಹೋಗಬಹುದು. ಆಗ ಹೊರಗೆ ಹೇಳಬೇಕಾದ ಸಂಖ್ಯೆ 7. ಕೈಯಲ್ಲಿ 24 ಇದ್ದರೂ ಬಾಯಲ್ಲಿ 7. ದೊಡ್ಡ ದೊಡ್ಡ ಕಂಪೆನಿಗಳ ಗೋದಾಮಿನಲ್ಲಿ ಕಂಪ್ಯೂಟರ್ ಮಾಡುವುದೂ ಇದೇ ಕಳೆಯುವ ಲೆಕ್ಕವನ್ನು.

ಎತ್ತಿಡುವುದಕ್ಕೆ ಒಂದು ಗಡುವು ಇರಲೇಬೇಕು. ‘ಇಂದು ಇಶಾದವರೆಗೆ ಇಡುತ್ತೇನೆ, ಆಮೇಲೆ ಬೇರೆಯವರಿಗೆ’ ಎಂದು ಮೊದಲೇ ಬರೆದರೆ ಯಾರೂ ಬೇಸರಿಸುವುದಿಲ್ಲ. ಸ್ವಂತ ವೆಬ್‌ಸೈಟ್ ಇಟ್ಟುಕೊಂಡವರು ಬಳಸುವ ವೂಕಾಮರ್ಸ್ ಎಂಬ ತಂತ್ರಾಂಶದಲ್ಲಿಯೂ ಈ ಏರ್ಪಾಡು ಇದೆ. ಹಣ ಕಟ್ಟದೆ ನಿಂತ ಆರ್ಡರಿನ ಸರಕನ್ನು ಅದು ನಾವು ಬದಲಿಸದಿದ್ದರೆ 60 ನಿಮಿಷ ಹಿಡಿದಿಟ್ಟು ಬಳಿಕ ಬಿಟ್ಟುಕೊಡುತ್ತದೆ. ಸರಕು ಎರಡಕ್ಕೆ ಇಳಿದಾಗ ಮಾಲಕರಿಗೆ ಎಚ್ಚರಿಕೆ ಕಳಿಸುತ್ತದೆ. ಶಾಪಿಫೈ ಎಂಬುದರಲ್ಲಿ ‘ಸರಕು ಮುಗಿದ ಮೇಲೂ ಮಾರುತ್ತಿರು’ ಎಂಬ ಒಂದು ಗುರುತು ಚೌಕವಿದೆ. ಅದರಲ್ಲಿ ಟಿಕ್ ಬಿದ್ದಿದೆಯೋ ಇಲ್ಲವೋ ಎಂದು ಹಬ್ಬದ ಮುಂಚೆ ಒಮ್ಮೆ ನೋಡಿಕೊಳ್ಳಿ. ಕಾಲೇಜಿಗೆ ಹೋಗುವ ಮಗನೋ ತಮ್ಮನೋ ಅಂಗಡಿ ತೆರೆದುಕೊಟ್ಟು ಹೋಗಿರುತ್ತಾರೆ, ಒಳಗೆ ಏನು ಒತ್ತಿದ್ದಾರೆಂದು ನಮಗೆ ಗೊತ್ತಿರುವುದಿಲ್ಲ. ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್ ಚೆನ್ನಾಗಿದೆ, ಆದರೆ ಮಾರಿದಂತೆಲ್ಲ ಅದು ತಾನಾಗಿ ಎಣಿಸಿ ಕಳೆಯುವುದಿಲ್ಲ. ಮುಗಿದ ಸರಕನ್ನು ಮರೆಮಾಡುವ ಗುಂಡಿಯನ್ನು ನಾವೇ ಒತ್ತಬೇಕು. ಹೊಸಬರಿಗೆ ನನ್ನ ಸಲಹೆ ಇಷ್ಟೆ: ಫೋಟೋ ಎಲ್ಲಿ ಬೇಕಾದರೂ ಹಾಕಿ, ಆರ್ಡರ್ ಮಾತ್ರ ಒಂದೇ ನಂಬರಿಗೆ ಬರಲಿ. ನಾದಿನಿಗೆ ಕೊಟ್ಟದ್ದನ್ನು ಕೊಟ್ಟ ದಿನವೇ ಪುಸ್ತಕದಿಂದ ಕಳೆಯಿರಿ.

ದುಪಟ್ಟಾವನ್ನು ಎಣಿಸಬಹುದು. ಬೆಲ್ಲದ ಕಥೆ ಬೇರೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಇಟ್ಟರೆ ಇಡೀ ಕೊಪ್ಪರಿಗೆ ಕುದಿಯಬೇಕು, ಗಿರಾಕಿಗೆ ಬೇಕಾದ ಎರಡು ಕಿಲೋ ಮಾತ್ರ ಕುದಿಸಲಾಗದು. ಒಂದು ಪಾಕದ ಬಣ್ಣ ಇನ್ನೊಂದಕ್ಕೆ ಬಾರದು. ಕಳೆದ ವಾರದ ಹೊಂಬಣ್ಣದ ಅಚ್ಚಿನ ಫೋಟೋ ಹಾಕಿ ಈ ವಾರ ಕಪ್ಪಗಿನದನ್ನು ಕಳಿಸಿದರೆ, ರುಚಿ ಎಷ್ಟೇ ಇರಲಿ, ಮೋಸವೆಂದೇ ಗಿರಾಕಿಗೆ ಅನಿಸುತ್ತದೆ. ಆದ್ದರಿಂದ ಪ್ರತಿ ಪಾಕಕ್ಕೂ ಬೇರೆ ಫೋಟೋ, ಬೇರೆ ಎಣಿಕೆ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ಪಸೆಯಾಗುತ್ತದೆ. ಜೂನಿನಲ್ಲಿ ಗೋಣಿಯಲ್ಲಿ 50 ಕಿಲೋ ಇದೆ ಎಂದಮಾತ್ರಕ್ಕೆ ಆಗಸ್ಟಿನಲ್ಲಿ ಮಾರುವಂತಹ 50 ಕಿಲೋ ಇರುತ್ತದೆಂದು ಹೇಳಲಾಗದು.

ಬೆಳೆಗೂ ಬೇಡಿಕೆಗೂ ಹೊಂದದೆ ಹೋದರೆ ಎಂತಹ ಅನಾಹುತವಾಗುತ್ತದೆಂದು ಈ ಜಿಲ್ಲೆ ಕಂಡಿದೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರ ಆತ್ಮಹತ್ಯೆಗಳ ಸುದ್ದಿ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಕಬ್ಬು ಹೊಲದಲ್ಲಿತ್ತು, ಅರೆಯುವವರಿರಲಿಲ್ಲ. ಅರೆದವರಿಂದ ಬಾಕಿ ಬರುತ್ತಿರಲಿಲ್ಲ. ಅದೇ ಹೊತ್ತಿಗೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು 2014ರಲ್ಲಿ ಊರಿಗೆ ಮರಳಿದ ಮಧು ಚಂದನ್ ಅವರು ರೈತರನ್ನು ಒಂದು ಸಹಕಾರ ಸಂಘವಾಗಿ ಸೇರಿಸಿದರು. ಆರ್ಗ್ಯಾನಿಕ್ ಮಂಡ್ಯ ಎಂಬ ಹೆಸರಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ ಅಂಗಡಿ ತೆರೆದು, ಆನ್‌ಲೈನ್ ಮಾರಾಟಕ್ಕೂ ಇಳಿದರು. ಹೊಲದ ಸರಕನ್ನು ಆನ್‌ಲೈನಿನಲ್ಲಿ ಮಾರುವವರೆಲ್ಲರಿಗೂ ಇರುವ ಕಷ್ಟ ಒಂದೇ. ಕಾರ್ಖಾನೆಯ ಸೋಪು ಮುಗಿದರೆ ನಾಳೆ ಇನ್ನೊಂದು ಪೆಟ್ಟಿಗೆ ಬರುತ್ತದೆ, ಬೆಲ್ಲ ಮುಗಿದರೆ ಮುಂದಿನ ಪಾಕಕ್ಕೆ ಕಾಯಬೇಕು. ‘ಸದ್ಯ ಇಲ್ಲ’ ಎಂದು ಬರೆಯಲು ಅವರು ನಾಚಿಕೊಳ್ಳಬಾರದು.

ಇನ್ನು ಮಿತಿಯ ಮಾತು. ‘ಒಬ್ಬರಿಗೆ ಎರಡೇ’ ಎಂದು ಬರೆಯಲು ಎಷ್ಟೋ ಮಂದಿ ಹಿಂಜರಿಯುತ್ತಾರೆ. ಬರುವ ವ್ಯಾಪಾರವನ್ನು ಯಾಕೆ ದೂಡಬೇಕು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬೆಂಗಳೂರಿನ ವ್ಯಾಪಾರಿಯೊಬ್ಬ ಇಪ್ಪತ್ತನ್ನೂ ಒಟ್ಟಿಗೆ ಕೇಳಿದರೆ ಒಂದೇ ಪಾರ್ಸೆಲ್, ಒಂದೇ ಹಣ, ತಲೆನೋವಿಲ್ಲ. ತುರ್ತು ಹಣದ ಅಗತ್ಯವಿದ್ದವಳು ಹಾಗೆ ಕೊಟ್ಟರೆ ನಾನು ತಪ್ಪೆನ್ನಲಾರೆ. ಆದರೆ ಅವನು ಮುಂದಿನ ತಿಂಗಳು ಬಾರದಿದ್ದರೆ? ಈ ತಿಂಗಳು ಬರಿಗೈಯಲ್ಲಿ ಹೋದ ಹತ್ತು ಮನೆಯವರು ಅಷ್ಟರಲ್ಲಿ ಬೇರೆ ಕಡೆ ಕೊಳ್ಳಲು ಕಲಿತಿರುತ್ತಾರೆ. ಸಗಟಿಗೆ ಕೇಳುವವರಿಗೆ ಬೇರೆ ದಿನ, ಬೇರೆ ದರ, ಬೇರೆ ತಯಾರಿ ಇರಲಿ. ಸಿದ್ಧವಿರುವ ಸಣ್ಣ ಸರಕು ಸಣ್ಣ ಗಿರಾಕಿಗಳಿಗೇ ಇರಲಿ. ಸೊಸೈಟಿಯ ಪಡಿತರ ಅಂಗಡಿಯಲ್ಲಿ ಕಾರ್ಡಿಗಿಷ್ಟು ಎಂದು ಅಳೆದು ಕೊಡುವುದನ್ನು ನೋಡಿಯೇ ಬೆಳೆದವರು ನಾವು. ಅಳತೆ ಇರುವುದರಿಂದಲೇ ಸಾಲಿನ ಕೊನೆಯವಳಿಗೂ ಅಕ್ಕಿ ಸಿಗುತ್ತದೆ.

ಮಿತಿ ಹಾಕಿದರೆ ದಾಟುವವರೂ ಇರುತ್ತಾರೆ. ತನ್ನ ಹೆಸರಿನಲ್ಲಿ ಎರಡು, ಗಂಡನ ಹೆಸರಿನಲ್ಲಿ ಎರಡು, ತಂಗಿಯ ಹೆಸರಿನಲ್ಲಿ ಎರಡು. ರೈಲ್ವೆ ಇಲಾಖೆಯೂ ಇದರಿಂದ ಪಾರಾಗಲಿಲ್ಲ. ತತ್ಕಾಲ್‌ನಲ್ಲಿ ಒಂದು ಟಿಕೆಟಿಗೆ ನಾಲ್ಕೇ ಪ್ರಯಾಣಿಕರೆಂಬ ಮಿತಿ ಇದ್ದರೂ, ಕೊನೆಗೆ 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ ಮಾಡಬೇಕಾಯಿತು. ನಮಗೆ ಅಷ್ಟೆಲ್ಲ ಬೇಡ. ‘ಒಂದು ವಿಳಾಸಕ್ಕೆ ಎರಡು’ ಎಂದರೆ ಸಾಕು.

ಅಡುಗೆ ತಿಂಡಿ ಮಾರುವವರಿಗೆ ಗಿರಾಕಿಯ ಮಿತಿಗಿಂತ ದಿನದ ಮಿತಿ ಮುಖ್ಯ. ನಿಮ್ಮ ಎರಡು ಕೈ ಒಂದು ಗಂಟೆಗೆ 40 ಸಮೋಸಾ ಮಡಚುತ್ತವೆ ಎಂದಿಟ್ಟುಕೊಳ್ಳಿ. ಮೂರು ಗಂಟೆಗೆ 120 ಎಂದು ಕಾಗದದ ಮೇಲೆ ಬರೆಯಬಹುದು. ಉಪವಾಸವಿದ್ದುಕೊಂಡು, ಮಕ್ಕಳನ್ನು ಮದ್ರಸಕ್ಕೆ ಕಳಿಸಿ, ಗ್ಯಾಸ್ ಮುಗಿಯಿತೆಂದು ಓಡಾಡಿ, ಮೂರನೆಯ ಗಂಟೆಯಲ್ಲಿ 40 ಆಗುವುದಿಲ್ಲ. 80ರ ಮೇಲೆ ಒಪ್ಪಬೇಡಿ, ಝುಹರ್‌ನ ಬಳಿಕ ಆ ದಿನದ ಆರ್ಡರ್ ತೆಗೆದುಕೊಳ್ಳಬೇಡಿ. ಇಡೀ ಬೀದಿಯ ಇಫ್ತಾರ್‌ಗೆ ಬಿಸಿ ಸಮೋಸಾ ಕಳಿಸಿ, ಸ್ವಂತ ಮಕ್ಕಳು ಮಗ್ರಿಬ್‌ಗೆ ಖರ್ಜೂರ ಹಿಡಿದು ತಾಯಿ ಅಡುಗೆ ಮನೆಯಿಂದ ಬರುವುದನ್ನು ಕಾಯುವ ಮನೆಗಳಿವೆ. ಆ ಮನೆಯಲ್ಲಿ ಲಾಭದ ಲೆಕ್ಕ ಹಾಕುವಾಗ ಇದನ್ನೂ ಒಂದು ಖರ್ಚೆಂದು ಬರೆಯಬೇಕು.

ಕನಿಷ್ಠ ಮಿತಿಯೂ ಬೇಕಾಗುತ್ತದೆ. ಅರ್ಧ ಕಿಲೋ ಬೆಲ್ಲವನ್ನು ಕೊರಿಯರಿನಲ್ಲಿ ಕಳಿಸಿದರೆ ಸಾಗಾಟವೇ ಬೆಲ್ಲದ ಬೆಲೆಯನ್ನು ನುಂಗಬಹುದು. ಅಂಚೆಯಲ್ಲೋ, 2021ರ ಫೆಬ್ರವರಿಯಲ್ಲಿ ಕೆಎಸ್‌ಆರ್‌ಟಿಸಿ ಆರಂಭಿಸಿದ ‘ನಮ್ಮ ಕಾರ್ಗೋ’ ಬಸ್ಸಿನಲ್ಲೋ ಕಳಿಸುವವರು ಯಾವ ತೂಕದಿಂದ ಮೇಲೆ ತಮಗೆ ಗಿಟ್ಟುತ್ತದೆಂದು ಒಮ್ಮೆ ಕುಳಿತು ಲೆಕ್ಕ ಹಾಕಲಿ.

ದೊಡ್ಡವರಿಗೂ ಈ ಲೆಕ್ಕ ತಪ್ಪಿದೆ ಎಂಬುದು ಸಮಾಧಾನದ ಸಂಗತಿಯೋ ಅಲ್ಲವೋ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ‘ಬಿಗ್ ಬಿಲಿಯನ್ ಡೇ’ ಎಂಬ ಭಾರೀ ಮಾರಾಟ ಏರ್ಪಡಿಸಿದಾಗ ವೆಬ್‌ಸೈಟ್ ತಡವರಿಸಿತು, ಸರಕು ಕಣ್ಣೆದುರಿಗೇ ಮುಗಿಯಿತು, ಆರ್ಡರುಗಳು ರದ್ದಾದವು. ಮರುದಿನ ಅದರ ಸ್ಥಾಪಕರಾದ ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ ಗಿರಾಕಿಗಳಿಗೆ ಕ್ಷಮಾಪಣೆಯ ಪತ್ರ ಬರೆದರು. ಅವರಿಗೆ ಪತ್ರ ಬರೆದು ಮುಂದೆ ಸಾಗುವ ಶಕ್ತಿ ಇತ್ತು. ಮಳವಳ್ಳಿಯ ಸಹೋದರಿಗೆ ಇರುವುದು ನಾಲ್ಕು ಬೀದಿಯ ಹೆಸರು ಮಾತ್ರ.

ಸರ್ಕಾರದ ನಿಯಮಗಳೂ ಸುಮ್ಮನಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ, ಗಿರಾಕಿ ಆರ್ಡರ್ ರದ್ದು ಮಾಡಿದಾಗ ಶುಲ್ಕ ಕಡಿಯುವ ಆನ್‌ಲೈನ್ ಸಂಸ್ಥೆ ತಾನೇ ರದ್ದು ಮಾಡಿದಾಗಲೂ ಅಷ್ಟೇ ಹೊರೆ ಹೊರಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ 13 ಬಗೆಯ ಆನ್‌ಲೈನ್ ಕುತಂತ್ರಗಳ ಪಟ್ಟಿ ಹೊರಡಿಸಿತು. ಅದರಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ ಸೇರಿದೆ. ಒಳಗೆ ಐವತ್ತು ಇಟ್ಟುಕೊಂಡು ‘ಇನ್ನು ಎರಡೇ ಉಳಿದಿವೆ, ಬೇಗ ಬೇಗ’ ಎಂದು ಸ್ಟೇಟಸ್ ಹಾಕುವುದು ಜಾಣತನವೆಂದು ತಿಳಿದವರು ಇದನ್ನು ಗಮನಿಸಲಿ.

ನಮಗಂತೂ ಈ ಮಾತು ಹೊಸತಲ್ಲ. ತನ್ನ ಬಳಿ ಇಲ್ಲದ ವಸ್ತುವನ್ನು ಮಾರಬಾರದೆಂದು ಪ್ರವಾದಿವರ್ಯರು(ಸ) ಹಕೀಮ್ ಬಿನ್ ಹಿಝಾಮ್‌ರಿಗೆ(ರ) ತಿಳಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಹಾಗಾದರೆ ಮುಂಗಡ ಆರ್ಡರ್ ತೆಗೆದುಕೊಳ್ಳುವಂತಿಲ್ಲವೇ ಎಂದು ಕೇಳಬಹುದು. ಅದಕ್ಕೂ ದಾರಿ ಇದೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅಲ್ಲಿಯ ಜನ ಖರ್ಜೂರಕ್ಕೆ ಒಂದೆರಡು ವರ್ಷ ಮೊದಲೇ ಹಣ ಕೊಡುತ್ತಿದ್ದರು. ಅದನ್ನು ಅವರು ನಿಲ್ಲಿಸಲಿಲ್ಲ, ಅಳತೆ, ತೂಕ ಮತ್ತು ಅವಧಿ ನಿಶ್ಚಿತವಾಗಿರಬೇಕೆಂದರು. ‘ಸಲಮ್’ ಎಂದು ಕರೆಯುವುದು ಇದನ್ನೇ. ಆಲೆಮನೆಯ ಮುಂದಿನ ಪಾಕಕ್ಕೆ ಈಗಲೇ ಹಣ ಪಡೆಯುವವಳು ಎಷ್ಟು ಕಿಲೋ, ಯಾವ ಬಗೆಯದು, ಯಾವ ತಾರೀಕಿಗೆ ಎಂದು ಬರೆದುಕೊಟ್ಟರೆ ವ್ಯವಹಾರ ನೇರವಾಗುತ್ತದೆ. ‘ಬಂದ ಕೂಡಲೇ ಕಳಿಸುತ್ತೇನೆ’ ಎಂಬುದು ಅವಧಿಯಲ್ಲ. ಅಳತೆ ಕೊಟ್ಟು ಹೊಲಿಸಿಕೊಳ್ಳುವ ಬಟ್ಟೆಗೆ ನಿಯಮ ಸ್ವಲ್ಪ ಬೇರೆ. ಅದನ್ನು ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಹಬ್ಬದ ತಯಾರಿಯಲ್ಲಿ ಕಳೆದ ವರ್ಷದ ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ. ಎಳ್ಳು-ಬೆಲ್ಲದ ಸಂಕ್ರಾಂತಿ ಪ್ರತಿ ವರ್ಷ ಜನವರಿಯ ನಡುವೆಯೇ ಬರುತ್ತದೆ, ಆದರೆ ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಈದುಲ್ ಫಿತ್ರ್ 2024ರಲ್ಲಿ ಏಪ್ರಿಲ್ ಎರಡನೆಯ ವಾರದಲ್ಲಿತ್ತು, 2025ರಲ್ಲಿ ಮಾರ್ಚ್ ಕೊನೆಯಲ್ಲಿ. ‘ಏಪ್ರಿಲಿನಲ್ಲಿ ಇಷ್ಟು ಹೋಯಿತು’ ಎಂದು ಬರೆದಿಟ್ಟ ಲೆಕ್ಕದಿಂದ ಪ್ರಯೋಜನವಿಲ್ಲ. ಶಅಬಾನ್ ಮಧ್ಯದಲ್ಲಿ ಎಷ್ಟು, ರಮಝಾನ್‌ನ ಕೊನೆಯ ಹತ್ತರಲ್ಲಿ ಎಷ್ಟು ಎಂದು ಬರೆದಿಡಿ. 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರಿನಲ್ಲಿ ಒಂದು, ಹೀಗೆ ಎರಡು ರಮಝಾನ್ ಆರಂಭವಾಗಲಿವೆ. ಅಂತಹ ವರ್ಷದಲ್ಲಿ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಸರಕು ತರಿಸಿದವರ ಗತಿ ಊಹಿಸಿಕೊಳ್ಳಿ.

ಸರಕು ನಿಜಕ್ಕೂ ಮುಗಿದ ದಿನ ಫೋಟೋ ಅಳಿಸಿ ಮೌನವಾಗಿ ಕೂರುವುದೂ ಸರಿಯಲ್ಲ. ಕೇಳಿ ಬಂದವಳಿಗೆ ಮೂರು ಸಾಲು ಸಾಕು: ‘ಈ ಸಲದ್ದು ಮುಗಿಯಿತು. ಮುಂದಿನದು ಶವ್ವಾಲ್ 15ರ ಬಳಿಕ. ಬೇಕಿದ್ದರೆ ಹೆಸರು ಬರೆದುಕೊಳ್ಳುತ್ತೇನೆ, ಹಣ ಈಗ ಬೇಡ.’ ಹೆಸರುಗಳನ್ನು ಬಂದ ಕ್ರಮದಲ್ಲಿಯೇ ಬರೆದಿಟ್ಟುಕೊಂಡು, ಸರಕು ಕೈಗೆ ಬಂದಾಗ ಸ್ಟೇಟಸ್ ಹಾಕುವ ಮೊದಲು ಆ ಪಟ್ಟಿಯವರಿಗೆ ತಿಳಿಸಿ.